ಇವಳಿಗೆ ಕೇಳಿತು

ನನ್ನ ಅಪ್ಪ ಬದುಕಿದ್ದಷ್ಟು ದಿನ ಸರ್ಕಾರದ ಪಾಲಿಗೆ ಎರಡನೇ ದರ್ಜೆಯ ಮೆಕ್ಯಾನಿಕ್. ತೀರಿಕೊಂಡು ಎರಡು ವರ್ಷವಾದ ಮೇಲೆ ಅದೇ ಸರ್ಕಾರ ಅವರನ್ನು 'ದಿವಂಗತ ಸಂಶೋಧಕರು' ಎಂದು ಕರೆಯಿತು. ಆ ಬಡ್ತಿಯ ಕಾಗದ ಈಗಲೂ ನನ್ನ ಬಳಿ ಇದೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳಿದರೆ, ಮೈ ಉರಿಯಬೇಕು ಎಂತಲೇ ಇಟ್ಟುಕೊಂಡಿದ್ದೇನೆ.

ನಾವು ಮಂಗಳೂರಿನ ಕಡೆಯವರು. ಕೊಚ್ಚಿಯಲ್ಲಿ ಲಾಂಚು, ಬಾರ್ಜುಗಳ ಉಪಕರಣ ರಿಪೇರಿ ಮಾಡುವ ಕೇಂದ್ರ ಸರ್ಕಾರದ ಒಂದು ವರ್ಕ್‌ಶಾಪಿನಲ್ಲಿ ಅಪ್ಪನಿಗೆ ಕೆಲಸ. ಅರವತ್ತರ ದಶಕದ ಆರಂಭದಲ್ಲಿ ನಾವು ಅಲ್ಲಿಗೆ ಹೋದಾಗ ನಾನು ಹೈಸ್ಕೂಲು ಹುಡುಗಿ. ಅಮ್ಮನಿಗೆ ಆಗಲೇ ಕಿವಿ ಮಂದವಾಗುತ್ತಿತ್ತು. ಊರಿನಲ್ಲಾದರೆ ಎದುರಿನವರ ತುಟಿ ನೋಡಿ ಹೇಗೋ ಸುಧಾರಿಸುತ್ತಿದ್ದಳು. ಇಲ್ಲಿ ತುಟಿಗಳೂ ಮಲಯಾಳದಲ್ಲಿ ಆಡುತ್ತಿದ್ದವು. ಪಕ್ಕದ ಮನೆಯ ಚೇಚಿ, ಎಂದರೆ ಅಕ್ಕ, ಏನು ಹೇಳಿದರೂ ಅಮ್ಮ ನಗುತ್ತಿದ್ದಳು. ಒಮ್ಮೆ ಆಕೆ ತನ್ನ ಅಣ್ಣ ತೀರಿಕೊಂಡದ್ದನ್ನು ಹೇಳಿದಾಗಲೂ ನಕ್ಕಳು. ವಿಷಯ ಗೊತ್ತಾದ ಮೇಲೆ ಅಮ್ಮ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು.

ಅಪ್ಪ ಅಂಗಡಿಯಿಂದ ಒಂದು ಕಿವಿಯ ಮೆಶಿನು ತಂದರು. ಅದು ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುತ್ತಿತ್ತು. ಪಾತ್ರೆಯ ಸದ್ದು, ಬೋಟಿನ ಎಂಜಿನ್ನು, ಅವಳದೇ ಸೀರೆಯ ಸರಬರ. ಎರಡೇ ದಿನದಲ್ಲಿ ಅಮ್ಮ ಅದನ್ನು ತೆಗೆದು ಅಕ್ಕಿ ಡಬ್ಬದ ಮೇಲಿಟ್ಟಳು. ಆಮೇಲೆ ಅಪ್ಪ ತಾವೇ ಒಂದು ಮಾಡಲು ಕುಳಿತರು. ಅದಕ್ಕೆ ಎರಡು ವರ್ಷ ಹಿಡಿಯಿತು. ಅಂಗೈಯಗಲದ ತಗಡಿನ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಗುಟ್ಟೆಲ್ಲ ಒಳಗಿನ ಒಂದು ಕಾಯಿಲಿನಲ್ಲಿತ್ತು. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಎಷ್ಟು ಸುತ್ತು ಸುತ್ತಬೇಕು, ಎಷ್ಟನೇ ಸುತ್ತಿನಲ್ಲಿ ಕವಲು ತೆಗೆಯಬೇಕು ಎಂಬುದೇ ವಿದ್ಯೆ. ಆ ಅಂಕಿ ಸರಿಯಾದರೆ ಎಂಜಿನ್ನಿನ ಗುಡುಗು ಹಿಂದೆ ಸರಿದು ಮಾತು ಮುಂದೆ ಬರುತ್ತಿತ್ತು.

ಪರೀಕ್ಷೆ ನಡೆಯುತ್ತಿದ್ದದ್ದು ಸಂಜೆ ಕಾಫಿಯ ನಂತರ. ಅಮ್ಮ ಬೆನ್ನು ಹಾಕಿ ಕುಳಿತು ತರಕಾರಿ ಹೆಚ್ಚುತ್ತಿರಬೇಕು. ಅಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡಿಗಳ ಗುರುತು ಹಾಕಿ, ಹಿಂದೆ ನಿಂತು ಒಂದೊಂದೇ ಮಾತು ಹೇಳಬೇಕು. ಅಮ್ಮ ತಿರುಗಿದರೆ ಹಾಳೆಯಲ್ಲಿ ಪೆನ್ಸಿಲಿನಿಂದ 'ಇವಳಿಗೆ ಕೇಳಿತು' ಎಂದು ಬರೆಯುತ್ತಿದ್ದರು. ಇಲ್ಲದಿದ್ದರೆ 'ಇವಳಿಗೆ ಕೇಳಲಿಲ್ಲ'. ಮನೆಯ ತುಂಬ 'ನಾಲ್ಕು ಅಡಿ, ಉಪ್ಪು, ಇವಳಿಗೆ ಕೇಳಲಿಲ್ಲ', 'ಆರು ಅಡಿ, ಮಳೆ ಬಂತು, ಇವಳಿಗೆ ಕೇಳಿತು' ಎಂಬ ಹಾಳೆಗಳು. ಹೆಸರು ಬರೆಯುವ ಪ್ರಶ್ನೆಯೇ ಇರಲಿಲ್ಲ. ಅಪ್ಪನಿಗೆ ಅಮ್ಮ 'ಇವಳು', ಅಮ್ಮನಿಗೆ ಅಪ್ಪ 'ಇವರು'. ನಮ್ಮ ಮನೆಗಳಲ್ಲಿ ಆಗ ಅಷ್ಟೇ ಸಾಕಾಗುತ್ತಿತ್ತು.

ಕಾಗದ ದಂಡ ಮಾಡುವುದು ಅಮ್ಮನಿಗೆ ಆಗದು. ಅಪ್ಪ ಬರೆದು ಬಿಟ್ಟ ಹಾಳೆಯ ಖಾಲಿ ಹಿಂಬದಿಯಲ್ಲಿ ಅವಳು ರಂಗೋಲಿ ಬರೆದಿಡುತ್ತಿದ್ದಳು. ಸಾಲುಸಾಲು ಚುಕ್ಕಿ, ಪಕ್ಕದಲ್ಲಿ 'ಹದಿನೈದರಿಂದ ಒಂದು' ಎಂದು ಕನ್ನಡ ಅಂಕಿಯಲ್ಲಿ ಲೆಕ್ಕ. ಓಣಂ ಹಬ್ಬಕ್ಕೆ ಮಾತ್ರ ಅಂಗಳದಲ್ಲಿ ಹೂವು ಹಾಕುವ ಆ ಬೀದಿಯಲ್ಲಿ ದಿನಾ ಬೆಳಿಗ್ಗೆ ಚುಕ್ಕಿ ಇಡುವ ಹೆಂಗಸು ಅವಳೊಬ್ಬಳೇ. ಹೀಗೆ ಒಂದೇ ಹಾಳೆಯ ಒಂದು ಮೈ ಅಪ್ಪನದು, ಇನ್ನೊಂದು ಮೈ ಅಮ್ಮನದು.

ಡಬ್ಬಿ ಕೈಗೂಡಿದ ಮೇಲೆ ಅಪ್ಪನಿಗೆ ಒಂದು ಹುರುಪು ಬಂತು. ಒಂದು ಭಾನುವಾರ ಅಂಥದೇ ಇನ್ನೊಂದನ್ನು ಜೋಡಿಸಿ, ರಬ್ಬರಿನ ಚೀಲದಲ್ಲಿ ಕಟ್ಟಿ, ಜೆಟ್ಟಿಯಿಂದ ಹಿನ್ನೀರಿಗೆ ಇಳಿಬಿಟ್ಟರು. ಇನ್ನೂ ಕಣ್ಣಿಗೆ ಬೀಳದ ಲಾಂಚಿನ ಸದ್ದು ನೀರಿನೊಳಗಿಂದ ಕೇಳಿತಂತೆ. ಮನೆಗೆ ಬಂದು ಸರ್ಕಾರಕ್ಕೆ ಪತ್ರ ಬರೆದರು: ನೀರಿನ ಅಡಿಯಲ್ಲಿ ಬರುವ ಹಡಗನ್ನು ಇದರಿಂದ ಮುಂಚೆಯೇ ಪತ್ತೆ ಮಾಡಬಹುದು, ದಯವಿಟ್ಟು ಪರೀಕ್ಷಿಸಿ ನೋಡಿ. ಉತ್ತರವಿಲ್ಲ. ಮರುವರ್ಷ ಮತ್ತೊಂದು. ಅದಕ್ಕೆ ಪತ್ರ ತಲುಪಿದೆ ಎಂಬ ಒಂದು ಅಚ್ಚಾದ ಕಾರ್ಡು ಬಂತು. ಅಪ್ಪ ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟರು. ಮೂರನೆಯ ಪತ್ರವನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಎರಡನೆಯ ಡಬ್ಬಿಯನ್ನು ಬಿಚ್ಚಿ, ಅದರ ಭಾಗಗಳನ್ನು ವರ್ಕ್‌ಶಾಪಿನ ಯಾವುದೋ ರಿಪೇರಿಗೆ ಬಳಸಿಬಿಟ್ಟರು.

ಎಪ್ಪತ್ತೊಂದರ ಮಳೆಗಾಲ ಶುರುವಾದ ವಾರ ಎದೆನೋವು ಎಂದು ಮಧ್ಯಾಹ್ನ ಮನೆಗೆ ಬಂದ ಅಪ್ಪ ಸಂಜೆಗೆ ಇರಲಿಲ್ಲ. ನನಗೆ ಆಗ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಅಮ್ಮನೂ ನಾನೂ ಊರಿಗೆ ಮರಳದೆ ಕೊಚ್ಚಿಯಲ್ಲೇ ಒಂದು ಸಣ್ಣ ಮನೆಗೆ ಬಂದೆವು. ಅಪ್ಪನ ಕಾಗದಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು. ಡಬ್ಬಿ ಅಮ್ಮನ ಸೊಂಟದಲ್ಲಿತ್ತು.

ಡಿಸೆಂಬರಿನಲ್ಲಿ ಯುದ್ಧ ಬಂತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದೆವು. ಬಂದರಿನ ಹೊರಗೆ ಶತ್ರುವಿನ ಸಬ್‌ಮೆರೀನ್ ಇದೆ ಎಂದು ನಾನು ಬ್ಯಾಂಕಿಗೆ ಹೋಗುವ ಬೋಟಿನಲ್ಲಿ ಪಕ್ಕ ಕುಳಿತವರೆಲ್ಲ ಗುಸುಗುಸು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಮೂವರು ಇಳಿದರು. ಅವರಲ್ಲಿ ಹಿರಿಯ ಅಧಿಕಾರಿ ಬಹಳ ಮರ್ಯಾದೆಯಿಂದ, ನಿಮ್ಮ ತಂದೆಯವರ ಪತ್ರ ನಮ್ಮ ಗಮನಕ್ಕೆ ಬಂದಿದೆ, ಅವರನ್ನು ಕಾಣಬೇಕಿತ್ತು ಎಂದರು.

"ಜೂನ್‌ನಲ್ಲಿ ತೀರಿಕೊಂಡರು," ಎಂದೆ.

"ಛೆ. ಸ್ವಲ್ಪ ತಡವಾಯಿತು."

ಸ್ವಲ್ಪ. ಮೂರು ಪತ್ರ ಬರೆದು, ಕಾದು ಕಾದು ಸತ್ತ ಮನುಷ್ಯನ ವಿಷಯದಲ್ಲಿ ಅವರಿಗೆ ಸಿಕ್ಕಿದ ಮಾತು ಅದು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬ್ಯಾಂಕಿನಲ್ಲಿ ಹೆಸರು. ಆದರೂ ಅವತ್ತು ನಾನೇ ಟ್ರಂಕು ಎಳೆದು ಅವರ ಮುಂದಿಟ್ಟೆ. ಯುದ್ಧದ ಹೊತ್ತು, ಎದುರಿಗೆ ಯೂನಿಫಾರಂ.

ಅವರು ಟ್ರಂಕಿನ ಕಾಗದ ತೆಗೆದು ನೋಡಿದರು. ಕನ್ನಡ ಒಂದಕ್ಷರವೂ ಅವರಿಗೆ ಬಾರದು. ಆದರೆ ಅಮ್ಮನ ರಂಗೋಲಿ ಕಂಡಾಗ ಮೂವರೂ ಬಗ್ಗಿದರು. ಚುಕ್ಕಿಗಳ ಮೇಲೆ ಬೆರಳಿಟ್ಟು ಎಣಿಸಿದರು. ನೀರಿನಲ್ಲಿ ಕೇಳುವ ಯಂತ್ರಗಳನ್ನು ಎಲ್ಲೆಲ್ಲಿ ಇಳಿಸಬೇಕು ಎಂಬ ನಕ್ಷೆ ಇರಬೇಕು ಎಂದು ಒಬ್ಬ ಇಂಗ್ಲಿಷಿನಲ್ಲಿ ಹೇಳಿದ.

"ಅದು ರಂಗೋಲಿ," ಎಂದೆ.

"ಇರಬಹುದು," ಎಂದು ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಟ್ರಂಕು ಮುಚ್ಚಿದರು.

ಹೊರಡುವ ಮುಂಚೆ ಅಧಿಕಾರಿ ಕೇಳಿದರು: "ಯಂತ್ರ ಯಾವುದಾದರೂ ಉಂಟೇ? ಮಾಡಿಟ್ಟದ್ದು?"

ಅಮ್ಮ ಬಾಗಿಲ ಬಳಿ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು, ವೈರು ಸೆರಗಿನೊಳಗಿತ್ತು. ಪ್ರಶ್ನೆ ಅವಳಿಗೆ ಸ್ಪಷ್ಟವಾಗಿ ಕೇಳಿತ್ತು. ಅಷ್ಟು ಹೊತ್ತಿಗೆ ಅವಳಿಗೆ ಮಲಯಾಳವೂ ಚೆನ್ನಾಗಿ ಬರುತ್ತಿತ್ತು.

"ಇಲ್ಲ," ಎಂದಳು.

ನಾನು ಗೋಡೆ ನೋಡುತ್ತ ನಿಂತೆ. ಜೀಪು ಹೋದ ಮೇಲೆ ಅವಳೇ ಶುರು ಮಾಡಿದಳು. "ಸುಳ್ಳು ಹೇಳಿದೆ ಅಂತ ಹಾಗೆ ನೋಡ್ಬೇಡ. ಅವರ ಯುದ್ಧ ಎಷ್ಟು ದಿನ ಉಂಟೋ. ನನಗೆ ಇದು ದಿನಾ ಬೇಕು."

ಅವಳು ಹೇಳಿದ ಹಾಗೆಯೇ ಆ ಯುದ್ಧ ಎರಡು ವಾರದೊಳಗೆ ಮುಗಿಯಿತು. ಟ್ರಂಕು ಬರಲಿಲ್ಲ. ನನಗೂ ಅದರ ಚಿಂತೆ ಇರಲಿಲ್ಲ, ನಿಜ ಹೇಳಬೇಕೆಂದರೆ. ಆದರೆ ಮರುವರ್ಷದ ಮಳೆಗಾಲದಲ್ಲಿ ಡಬ್ಬಿ ಮಾತು ನಿಲ್ಲಿಸಿತು.

ಕೊಚ್ಚಿಯ ಉಪ್ಪುಗಾಳಿ ಕಬ್ಬಿಣವನ್ನೇ ಬಿಡುವುದಿಲ್ಲ, ಕೂದಲಿನಂಥ ತಾಮ್ರವನ್ನು ಬಿಟ್ಟೀತೇ? ಆಲುವದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಮೇಸ್ತ್ರಿಯೊಬ್ಬನಿದ್ದ. ಅವನ ಬಳಿ ಒಯ್ದೆ. ಸುತ್ತುಗಳನ್ನು ಬಿಚ್ಚಿ ಎಣಿಸೋಣ ಎಂದು ಅವನು ಚಿಮುಟ ಹಾಕಿದ. ಹಸಿರುಗಟ್ಟಿದ ತಂತಿ ಪುಡಿಪುಡಿಯಾಗಿ ಅವನ ಅಂಗೈಗೆ ಉದುರಿತು. ಅಂದಾಜಿನಲ್ಲಿ ಸುತ್ತಿ ಕೊಟ್ಟ. ಅಮ್ಮನ ಕಿವಿಗೆ ಸಿಕ್ಕಿಸಿದರೆ ಬರೀ ಶಿಳ್ಳೆ. ಮತ್ತೆ ಸುತ್ತಿದ, ಮತ್ತೆ ಶಿಳ್ಳೆ.

"ಚೇಚಿ, ನಂಬರು ತಂದುಕೊಡಿ," ಎಂದ. "ಎಷ್ಟು ಸುತ್ತು, ಎಲ್ಲಿ ಕವಲು. ಒಂದು ಗಂಟೆಯ ಕೆಲಸ."

ಆ ಒಂದು ಗಂಟೆಯ ಕೆಲಸಕ್ಕೆ ನನಗೆ ಮೂರು ವರ್ಷ ಹಿಡಿಯಿತು.

ನಂಬರು ಟ್ರಂಕಿನಲ್ಲಿತ್ತು. ಟ್ರಂಕು ಸರ್ಕಾರದ ಕೈಯಲ್ಲಿತ್ತು. ಯಾಕೆ ಬೇಕು ಎಂದು ನಿಜ ಹೇಳಿದರೆ ಡಬ್ಬಿ ಇರುವುದು ಗೊತ್ತಾಗಿ ಅದನ್ನೂ ಒಯ್ಯುತ್ತಾರೆ ಎಂಬ ಭಯ. ಹಾಗಾಗಿ 'ತಂದೆಯವರ ನೆನಪಿಗಾಗಿ' ಎಂದು ಅರ್ಜಿ ಹಾಕಿದೆ. ಕೊಚ್ಚಿಯ ಕಚೇರಿಯವರು ಕಾಗದಗಳು ಪರಿಶೀಲನೆಗಾಗಿ ತಿರುವನಂತಪುರಕ್ಕೆ ಹೋಗಿವೆ ಎಂದರು. ತಿರುವನಂತಪುರದವರು ಕೊಚ್ಚಿಯನ್ನು ಕೇಳಿ ಎಂದರು. ಎರಡೂ ಕಡೆಯವರು ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು: ಕಾಗದಗಳು ರಹಸ್ಯ.

ಅಮ್ಮ ಮತ್ತೆ ಮೌನಕ್ಕೆ ಇಳಿದಳು. ಹೇಳಬೇಕಾದದ್ದನ್ನು ನಾನು ಬ್ಯಾಂಕಿನ ರದ್ದಾದ ಚಲನುಗಳ ಹಿಂದೆ ಬರೆದು ತೋರಿಸುತ್ತಿದ್ದೆ. ಬರೆದು ತೋರಿಸುವಾಗ ಮನುಷ್ಯ ಅಗತ್ಯವಾದದ್ದನ್ನಷ್ಟೇ ಹೇಳುತ್ತಾನೆ. 'ಅಕ್ಕಿ ಮುಗಿದಿದೆ'. 'ನಾಳೆ ತಡವಾಗುತ್ತದೆ'. ಬೋಟಿನಲ್ಲಿ ನಡೆದ ತಮಾಷೆಯನ್ನು ಯಾರು ಬರೆಯುತ್ತಾರೆ? ಮನೆಯಲ್ಲಿ ಇಬ್ಬರಿದ್ದೂ ನಾನು ಒಬ್ಬಳೇ ಇದ್ದ ಹಾಗಿತ್ತು, ಅವಳೂ ಒಬ್ಬಳೇ ಇದ್ದಳು. ಅಪ್ಪನನ್ನು ಕಳೆದುಕೊಂಡದ್ದಕ್ಕಿಂತ ಹೆಚ್ಚು ನಾನು ಆ ವರ್ಷಗಳಲ್ಲಿ ಅತ್ತಿದ್ದೇನೆ, ಬಹುಪಾಲು ಸಿಟ್ಟಿನಿಂದ.

ಒಂದು ವರ್ಷ ಕಳೆದ ಮೇಲೆ ತಿರುವನಂತಪುರದಿಂದ ಒಂದು ಪತ್ರ ಬಂತು. ತೆರೆದು ಓದಿ ಎರಡು ಸಲ ಕುರ್ಚಿಯಿಂದ ಎದ್ದು ಕುಳಿತೆ. ದಿವಂಗತ ಸಂಶೋಧಕರ ಟಿಪ್ಪಣಿಗಳಲ್ಲಿ ಒಬ್ಬ ಸಹಾಯಕರ ಉಲ್ಲೇಖ ಪದೇ ಪದೇ ಬರುತ್ತದೆ, ಎಲ್ಲ ಪ್ರಯೋಗಗಳಲ್ಲೂ ಆಲಿಸಿದವರು ಆ ವ್ಯಕ್ತಿಯೇ, ಆದರೆ ಅವರ ಹೆಸರನ್ನು ಎಲ್ಲೂ ಬರೆಯದೆ 'ಇವಳು' ಎಂದಷ್ಟೇ ಗುರುತಿಸಲಾಗಿದೆ. ಸದರಿ ವ್ಯಕ್ತಿಯ ಪೂರ್ಣ ಹೆಸರು, ವಿಳಾಸ ಮತ್ತು ಈಗಿನ ಉದ್ಯೋಗ ತಿಳಿಸತಕ್ಕದ್ದು. ಅದು ತಿಳಿಯುವವರೆಗೆ ಕಡತವನ್ನು ಮುಕ್ತಾಯಗೊಳಿಸಲಾಗದು.

'ಸದರಿ ವ್ಯಕ್ತಿ ನನ್ನ ತಾಯಿ. ಉದ್ಯೋಗ ಅಡುಗೆ' ಎಂದು ಬರೆದು ಕಳಿಸಿದೆ. ಅದಕ್ಕೆ ಉತ್ತರ: ನಮ್ಮ ದಾಖಲೆಯ ಪ್ರಕಾರ ನಿಮ್ಮ ತಾಯಿಯವರಿಗೆ ಶ್ರವಣದೋಷವಿದೆ. ಆಲಿಸುವ ಯಂತ್ರದ ಪ್ರಯೋಗದಲ್ಲಿ ಅವರು ಸಹಾಯಕರಾಗಿದ್ದರೆಂಬುದಕ್ಕೆ ಲಿಖಿತ ಆಧಾರ ಒದಗಿಸಿ.

ಅಂದರೆ ಹೆಸರು ಗೊತ್ತಿಲ್ಲದ ಒಬ್ಬಳು, ಯಂತ್ರದ ಗುಟ್ಟನ್ನೆಲ್ಲ ತಿಳಿದವಳು, ಎಲ್ಲೋ ತಲೆಮರೆಸಿಕೊಂಡು ತಿರುಗುತ್ತಿದ್ದಾಳೆ ಎಂದು ಅವರ ನಂಬಿಕೆ. ಅವಳು ನಮ್ಮ ಅಡುಗೆಮನೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದಳು.

ರಜೆ ಹಾಕಿ ತಿರುವನಂತಪುರಕ್ಕೆ ಬಸ್ಸು ಹತ್ತಿದೆ. ಅಪ್ಪನ ಕಾಗದಗಳನ್ನು ತರ್ಜುಮೆ ಮಾಡಿದವರು ಅಲ್ಲಿನ ಒಂದು ಕೇಂದ್ರ ಸಂಸ್ಥೆಯಲ್ಲಿದ್ದ ಮೈಸೂರು ಕಡೆಯ ವಿಜ್ಞಾನಿ ಎಂದು ಯಾರೋ ಹೇಳಿದ್ದರು. ವಿಷಯಕ್ಕೂ ಅವರ ವಿಜ್ಞಾನಕ್ಕೂ ಸಂಬಂಧವಿರಲಿಲ್ಲ. ಆ ಸಂಸ್ಥೆಯಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ, ಅಷ್ಟೇ ಅವರ ಅರ್ಹತೆ. ಮನೆ ಹುಡುಕಿ ಹೋದೆ. ಕನ್ನಡ ಕೇಳಿದ ಕೂಡಲೇ ಅವರ ಹೆಂಡತಿ ಕಾಫಿಗೆ ಇಟ್ಟರು. ಐದಾರು ವರ್ಷದ ಮಗಳು ನಮ್ಮ ಮಾತನ್ನೆಲ್ಲ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಉತ್ತರ ಕೊಡುತ್ತಿತ್ತು.

"ನಾನು ಸಹಿ ಹಾಕಿದ್ದೀನಮ್ಮ," ಎಂದರು ಅವರು. "ಓದಿದ್ದನ್ನ ಹೊರಗೆ ಹೇಳೋ ಹಾಗಿಲ್ಲ."

"ನಮ್ಮಪ್ಪ ಬರೆದದ್ದನ್ನು ನನಗೂ ಹೇಳ್ಲಿಕ್ಕಿಲ್ವಾ?"

"ನಿಮಗೂ ಹೇಳೋ ಹಾಗಿಲ್ಲ."

"ರಂಗೋಲಿಯನ್ನು ರಂಗೋಲಿ ಅಂತಲಾದರೂ ಹೇಳಿದ್ರಾ?"

"ಎರಡು ಸಲ ಬರೆದುಕೊಟ್ಟೆ. ಅಂಕಿಗಳು ಯಾಕಿವೆ ಹಾಗಾದ್ರೆ ಅಂತ ಕೇಳಿದ್ರು. ಇವಳು ಅಂದ್ರೆ ಹೆಂಡತಿ ಇರಬೇಕು ಅಂತಲೂ ಬರೆದೆ. 'ಇರಬೇಕು' ಅನ್ನೋದು ಆಧಾರ ಅಲ್ಲ ಅಂದ್ರು."

ನನಗೆ ತಡೆಯಲಾಗಲಿಲ್ಲ. ಡಬ್ಬಿಯ ವಿಷಯ, ಶಿಳ್ಳೆಯ ವಿಷಯ, ಚಲನುಗಳ ವಿಷಯ ಎಲ್ಲ ಹೇಳಿಬಿಟ್ಟೆ. ಅವರು ಕಾಫಿಲೋಟವನ್ನು ಕೆಳಗಿಟ್ಟರು.

"ಆ ಅಂಕಿಗಳನ್ನ ನಾನು ನೋಡಿದ್ದೀನಿ. ಆದ್ರೆ ನೆನಪಿಲ್ಲ. ನಿಜವಾಗಿ ನೆನಪಿಲ್ಲ, ಹಾಳೆಗಳೂ ನನ್ನ ಹತ್ರ ಇಲ್ಲ." ಮಗಳನ್ನು ಒಳಗೆ ಕಳಿಸಿ, "ಒಂದು ಮಾತು ಹೇಳ್ತೀನಿ, ಇದನ್ನೂ ಹೇಳಬಾರದು. ಆ ಹಾಳೆಗಳಲ್ಲಿ ಒಂದು ಸಾಲು ಮಾತ್ರ ನಾನು ತರ್ಜುಮೆ ಮಾಡಲಿಲ್ಲ. ಬಿಟ್ಟುಬಿಟ್ಟೆ. ಅದು ಸರ್ಕಾರ ಓದೋ ಅಂಥದ್ದಲ್ಲ," ಎಂದರು.

ಯಾವ ಸಾಲು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಒಳ್ಳೆಯ ಮನುಷ್ಯ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಇನ್ನೂ ಕಷ್ಟ. ಬಸ್ಸಿನಲ್ಲಿ ಕೊಲ್ಲಂ ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಕುಳಿತಿದ್ದೆ.

ಮರುವರ್ಷ ಅಮ್ಮನೇ ಖುದ್ದಾಗಿ ಬಂದು ಹೇಳಿಕೆ ಕೊಡಬೇಕು ಎಂದು ಆಜ್ಞೆಯಾಯಿತು. ಕರೆದುಕೊಂಡು ಹೋದೆ. ಆ ಕಚೇರಿಯಲ್ಲಿ ಮೇಜಿನ ಆಚೆ ಒಬ್ಬ ಎಳೆಯ ಅಧಿಕಾರಿ, ಪಕ್ಕದಲ್ಲಿ ನಿವೃತ್ತಿಗೆ ಹತ್ತಿರವಾದ ಹೆಡ್‌ ಕ್ಲರ್ಕ್. ಪ್ರಶ್ನೆಯನ್ನು ನಾನು ಕಾಗದದಲ್ಲಿ ಬರೆದು ತೋರಿಸಬಹುದು, ಉತ್ತರವನ್ನು ಮಾತ್ರ ಅಮ್ಮ ಸ್ವಂತ ಬಾಯಿಂದ ಹೇಳಬೇಕು ಎಂಬುದು ಕರಾರು.

ಹೆಸರು ಕೇಳಿದರು. ಹೇಳಿದಳು. ಊರು ಕೇಳಿದರು. ಹೇಳಿದಳು. ಗಂಡನ ಹೆಸರು ಕೇಳಿದರು.

ಅಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ಅಧಿಕಾರಿ ಕೈ ಎತ್ತಿ, "ನೀವು ಹೇಳಬಾರದು," ಎಂದರು.

ಓದಲು ಬರಲಿಲ್ಲವೇನೋ ಎಂದು ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಸಿದರು. ಅಮ್ಮ ಅದನ್ನು ನೋಡಿದಳು. ಮೇಜಿನ ಮೇಲಿದ್ದ ಲಕೋಟೆಯ ಕಡೆ ಬೆರಳು ಮಾಡಿ, "ಅಡ್ರೆಸಿನಲ್ಲಿ ಉಂಟಲ್ಲ," ಎಂದಳು.

"ಅದು ಗೊತ್ತು. ಇವರು ಹೇಳಬೇಕು."

ಅಮ್ಮ ಸೆರಗನ್ನು ಬಿಗಿ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ನನಗೆ ತಲೆ ಕೆಟ್ಟುಹೋಯಿತು. ಅಷ್ಟು ದೂರ ಬಂದು, ಇನ್ನೇನು ಮುಗಿಯುವ ಹೊತ್ತಿಗೆ ಇವಳ ಈ ಹಟ. 'ಒಂದು ಸಲ ಹೇಳಿಬಿಡು' ಎಂದು ಬರೆದು ಅವಳ ಕೈಗೆ ತುರುಕಿದೆ. ಅವಳು ಕಾಗದ ಮಡಚಿ ಕೈಚೀಲದಲ್ಲಿಟ್ಟುಕೊಂಡಳು.

"ಗಂಡನ ಹೆಸರು ಹೇಳಲು ನಿರಾಕರಿಸಿದ್ದಾರೆ ಎಂದು ಬರೆಯಬೇಕಾಗುತ್ತದೆ," ಎಂದರು ಅಧಿಕಾರಿ.

ಹೆಡ್‌ ಕ್ಲರ್ಕ್ ಕನ್ನಡಕ ತೆಗೆದು ಒರೆಸಿಕೊಂಡರು. "ಸಾರ್, ನನ್ನ ಅಮ್ಮ ಕೂಡ ಸಾಯುವವರೆಗೆ ಅಪ್ಪನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಈ ಅಮ್ಮ ಗಂಡನ ಹೆಸರು ಹೇಳುವುದಿಲ್ಲ. ಇವರ ಗಂಡ ಹೆಂಡತಿಯ ಹೆಸರು ಬರೆಯಲಿಲ್ಲ. ನಾವು ಇನ್ನು ಯಾರನ್ನು ಹುಡುಕುವುದು?"

"ಆದರೆ ಇವರಿಗೆ ಕಿವಿಯೇ ಕೇಳುವುದಿಲ್ಲವಲ್ಲ."

"ಕಿವಿ ಕೇಳುವವರನ್ನು ಕೂರಿಸಿ ಕೇಳುತ್ತದೆಯೇ ಎಂದು ಯಾರು ಸಾರ್ ಪರೀಕ್ಷೆ ಮಾಡುತ್ತಾರೆ?"

ಅಧಿಕಾರಿ ಅಮ್ಮನನ್ನು ನೋಡಿದರು, ಕಡತವನ್ನು ನೋಡಿದರು. ಆಮೇಲೆ ಏನೋ ಬರೆದರು. ಅಮ್ಮ ಕೆಳಗೆ ಸಹಿ ಹಾಕಿದಳು. ಎರಡು ವರ್ಷ ನಾನು ಬರೆದ ಅರ್ಜಿಗಳೆಲ್ಲ ಮಾಡಲಾಗದ್ದನ್ನು ಅವಳು ಬಾಯಿ ಮುಚ್ಚಿಕೊಂಡು ಮಾಡಿ ಮುಗಿಸಿದಳು. ಅದಕ್ಕೂ ನನಗೆ ಸಿಟ್ಟೇ ಬಂತು.

ವಾಪಸು ಬರುವಾಗ ಚಾಲೈ ಬಜಾರಿಗೆ ಹೋಗಲೇಬೇಕು ಎಂದಳು. ಪಾತ್ರೆ ಅಂಗಡಿಯಲ್ಲಿ ಇಡ್ಲಿ ಬೇಯಿಸುವ ದೊಡ್ಡ ಅಟ್ಟಿನಳಗೆಯೊಂದನ್ನು ಆರಿಸಿದಳು. ಮನೆಯಲ್ಲಿ ಇಬ್ಬರೇ, ಅದು ಮದುವೆಮನೆಗೆ ಸಾಕಾಗುವಂಥದು. ಎರ್ನಾಕುಲಂವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ನಾನು.

ಟ್ರಂಕು ಬರಲು ಇನ್ನೂ ಒಂದು ವರ್ಷ. ಬಂದ ದಿನ ಬಾಗಿಲಲ್ಲೇ ಬೀಗ ತೆಗೆದೆವು. ಒಳಗೆ ನೋಡಿ ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಸರ್ಕಾರ ನಮ್ಮ ಕಾಗದಗಳನ್ನು ಸಂರಕ್ಷಿಸಿತ್ತು. ಹಳೆಯ ಹಾಳೆ ಹರಿಯಬಾರದೆಂದು ಒಂದೊಂದನ್ನೂ ದಪ್ಪ ರಟ್ಟಿಗೆ ಮೈದಾ ಅಂಟಿನಿಂದ ನೀಟಾಗಿ ಅಂಟಿಸಿ, ನಂಬರು ಹಾಕಿ, ಮೊಹರು ಒತ್ತಿತ್ತು. ಎರಡು ಮೈಯ ಹಾಳೆಯಲ್ಲಿ ಯಾವ ಮೈ ಮೇಲಿರಬೇಕು ಎಂದು ಯಾರೋ ಯೋಚಿಸಿದ್ದರು. ನಕ್ಷೆಯಂತೆ ಕಂಡದ್ದು ಮುಖ್ಯ, ಪೆನ್ಸಿಲಿನ ಗೀಚು ಅಮುಖ್ಯ. ಮೇಲೆ ಸಾಲುಸಾಲಾಗಿ ಅಮ್ಮನ ರಂಗೋಲಿಗಳು. ಅಪ್ಪನ ಅಂಕಿಗಳೆಲ್ಲ ಅಂಟಿನ ಅಡಿಯಲ್ಲಿ.

ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಮ್ಮನಿಗೆ ಕಿವಿ ಕೇಳದಿದ್ದದ್ದು ಆ ಒಂದು ದಿನ ಒಳ್ಳೆಯದೇ ಆಯಿತು. ಅವಳು ಒಂದು ರಟ್ಟನ್ನು ಎತ್ತಿ ಅಂಚನ್ನು ಉಗುರಿನಿಂದ ಕೆರೆದಳು. ಬೆರಳನ್ನು ಮೂಸಿದಳು. ಎದ್ದು ಹೋಗಿ ಸ್ಟವ್ ಹೊತ್ತಿಸಿ ಅಟ್ಟಿನಳಗೆಯಲ್ಲಿ ನೀರಿಟ್ಟಳು. ಆವಿ ಬಂದ ಮೇಲೆ ರಟ್ಟನ್ನು ಅದರ ಬಾಯಿಗೆ ಹಿಡಿದು, ಬಾಳೆಲೆಯಿಂದ ಕಡುಬು ಬಿಡಿಸುವ ಹಾಗೆ ಹಾಳೆಯನ್ನು ಮೂಲೆಯಿಂದ ಎಬ್ಬಿಸಿದಳು. ಮೈದಾ ಅಂಟು ಸರ್ಕಾರದ್ದಾದರೂ ಮೈದಾವೇ. ಅಪ್ಪ ಪೆನ್ಸಿಲಿನಲ್ಲಿ ಬರೆಯುತ್ತಿದ್ದದ್ದರಿಂದ ಅಕ್ಷರ ಕದಡಲಿಲ್ಲ.

ನಾಲ್ಕನೆಯ ಹಾಳೆಯ ಹಿಂದೆ ಕಾಯಿಲಿನ ಚಿತ್ರ ಸಿಕ್ಕಿತು. ಇಷ್ಟು ಸುತ್ತು, ಇಲ್ಲಿ ಕವಲು. ನಾನು ಅಂಕಿಗಳನ್ನು ಮೂರು ಕಡೆ ಬರೆದುಕೊಂಡೆ. 'ಸಾಕು, ಇನ್ನು ಬಿಡು' ಎಂದು ಕೈಸನ್ನೆ ಮಾಡಿದೆ. ಅಮ್ಮ ಕೇಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ಬಿಡಿಸುತ್ತಲೇ ಇದ್ದಳು. ಅವಳು ಏನನ್ನೋ ಹುಡುಕುತ್ತಿದ್ದಾಳೆ ಎಂದು ನನಗೆ ಹೊಳೆದದ್ದು, ಒಂದು ಹಾಳೆಯನ್ನು ಬಿಡಿಸಿದವಳು ಅದನ್ನು ಒಣಗಲು ಹಾಕದೆ ಕೈಯಲ್ಲೇ ಹಿಡಿದು ನಿಂತಾಗ.

ಹೋಗಿ ಭುಜದ ಮೇಲಿನಿಂದ ನೋಡಿದೆ. ಎಂದಿನಂತೆ ಪಟ್ಟಿ. ಕೊನೆಯಲ್ಲಿ ಹೀಗಿತ್ತು: 'ಹನ್ನೆರಡು ಅಡಿ. ಏನು ಹೇಳಿದರೂ ಇವಳು ತಿರುಗಲಿಲ್ಲ. ಕೊನೆಗೆ ಹೆಸರು ಕರೆದೆ.' ಮುಂದೆ ಅಮ್ಮನ ಹೆಸರು, ಅಪ್ಪನ ಕೈಬರಹದಲ್ಲಿ. ಅದರ ಕೆಳಗೆ: 'ತಿರುಗಿದಳು. ಇವಳಿಗೆ ಕೇಳಿತು.'

"ಒಂದೇ ಸಲ ಕರೆದದ್ದು," ಎಂದಳು ಅಮ್ಮ. ತನ್ನ ದನಿ ತನಗೆ ಕೇಳದವರು ಮಾತಾಡುವ ಹಾಗೆ, ಸ್ವಲ್ಪ ಜೋರಾಗಿ. "ಬರೆದಿಟ್ಟದ್ದು ನನಗೆ ಗೊತ್ತಿತ್ತು."

ತರ್ಜುಮೆ ಮಾಡದೆ ಬಿಟ್ಟ ಸಾಲು ಇದೇ. ಆ ವಿಜ್ಞಾನಿ ಗಂಡಹೆಂಡಿರ ನಡುವಿನ ಮಾತು ಎಂದು ಗೌರವದಿಂದ ಇದನ್ನು ಬಿಟ್ಟಿದ್ದರು. ಇದೊಂದನ್ನು ತರ್ಜುಮೆ ಮಾಡಿದ್ದರೆ 'ಇವಳು' ಯಾರೆಂಬ ಪ್ರಶ್ನೆ ಒಂದೇ ವಾರದಲ್ಲಿ ಮುಗಿಯುತ್ತಿತ್ತು. ಅವರ ಸಭ್ಯತೆಯಿಂದ ನನ್ನ ಅಮ್ಮ ಎರಡು ವರ್ಷ ಹೆಚ್ಚು ಕಿವುಡಿಯಾಗಿ ಕಳೆದಳು. ಅವರಿಗೆ ಬೈದು ಒಂದು ಪತ್ರ ಬರೆಯಲು ಕುಳಿತೆ, ಕೃತಜ್ಞತೆ ಹೇಳಿ ಮುಗಿಸಿದೆ. ಯಾವುದು ಸರಿ ಎಂದು ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ಆಲುವದ ಮೇಸ್ತ್ರಿ ಹೇಳಿದ ಹಾಗೆ ಒಂದೇ ಗಂಟೆಯಲ್ಲಿ ಕಾಯಿಲು ಸುತ್ತಿ ಕೊಟ್ಟ. ಸಂಜೆ ಕಾಫಿಯ ನಂತರ ಅಮ್ಮ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ಹಾಕಿ ಕುಳಿತು ಬೀನ್ಸ್ ಹೆಚ್ಚತೊಡಗಿದಳು. ನಾನು ನೆಲದ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಅಡಿ ಅಳೆದು ನಿಂತೆ.

"ಅಮ್ಮ," ಎಂದೆ.

ಅವಳು ತಿರುಗಲಿಲ್ಲ. ಇನ್ನೊಮ್ಮೆ ಅಂದೆ. ಚಾಕು ಬೀನ್ಸಿನ ಮೇಲೆ ಓಡುತ್ತಲೇ ಇತ್ತು. ಮೂರು ವರ್ಷ ಚಪ್ಪಲಿ ಸವೆಸಿದ್ದು ಇದಕ್ಕೇನೇ ಎಂದುಕೊಂಡೆ. ಮತ್ತೆ ಏನು ಮಾಡಬೇಕೆಂದು ತೋಚದೆ, ಅಪ್ಪ ಮಾಡಿದ್ದನ್ನೇ ಮಾಡಿದೆ. ಜೀವನದಲ್ಲಿ ಮೊದಲ ಸಲ, ಗಟ್ಟಿಯಾಗಿಯೂ ಅಲ್ಲ, ಅವಳನ್ನು ಹೆಸರು ಹಿಡಿದು ಕರೆದೆ.

ಅಮ್ಮ ತಿರುಗಿದಳು.

"ತಾಯಿಯನ್ನು ಹೆಸರು ಹಿಡಿದು ಕರೆಯುದಾ? ನಾಚಿಕೆ ಇಲ್ವಾ ನಿನಗೆ?" ಎಂದಳು. ಕಣ್ಣಿನಲ್ಲಿ ನೀರಿತ್ತು.

"ಅಮ್ಮ ಅಂದದ್ದು ಕೇಳಲಿಲ್ವಾ?"

"ಕೇಳಿತು. ಎರಡು ಸಲವೂ ಕೇಳಿತು," ಎಂದು ಮತ್ತೆ ಬೀನ್ಸಿನ ಕಡೆ ತಿರುಗಿ ಕುಳಿತಳು.

ನಾನು ಆ ಹಾಳೆಯನ್ನು ತೆಗೆದುಕೊಂಡು, ಹಿಂಬದಿಯಿಂದ ಇಂಗಿ ಮೂಡಿದ್ದ ಸರ್ಕಾರದ ಮೊಹರಿನ ಪಕ್ಕದಲ್ಲಿ, ಅಪ್ಪನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದೆ: ಹನ್ನೆರಡು ಅಡಿ. ಇವಳಿಗೆ ಕೇಳಿತು.